ಒಂಬೈನೂರು ಚಿತ್ರದ ದೋಣಿ

ಚನ್ನಪಟ್ಟಣದಲ್ಲಿ ಯೋಗಾನಂದನಷ್ಟು ವೇಗವಾಗಿ ಬುಗುರಿ ಕಡೆಯುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ಅವನ ನಾಮಕರಣ ಮುಗಿಯುವುದರೊಳಗೆ ಇವನು ನಾಲ್ಕು ತಾಲ್ಲೂಕಿಗೆ ಹಂಚುವಷ್ಟು ಬುಗುರಿ ಕಡೆದಿಟ್ಟಿರುತ್ತಾನೆ. ಆ ವೇಗವೂ ಸಾಲದೆಂದು ಲೇತಿಗೆ ದೊಡ್ಡ ಮೋಟಾರು ಕೂರಿಸಿದ. ಮೂರನೆಯ ದಿನ, ತಿರುಗುವ ಮರಕ್ಕೆ ಬಣ್ಣದ ಅರಗು ಹಿಡಿಯುತ್ತಿದ್ದ ಹೆಂಡತಿ ಸುಮನಾಳ ಬಲಗೈಯನ್ನು ಆ ಲೇತು ಎಳೆದುಕೊಂಡಿತು.

ಮೂಳೆ ಕೂಡಿತು. ಬೆರಳುಗಳು ಮಾತ್ರ ಮಾತು ಕೇಳಲಿಲ್ಲ. ನರಕ್ಕೇನೂ ಆಗಿಲ್ಲ, ಇಷ್ಟದ ಕೆಲಸ ಕೊಟ್ಟು ಬೆರಳಿಗೆ ಆಸೆ ಹುಟ್ಟಿಸಿ ಎಂದರು ರಾಮನಗರದ ಡಾಕ್ಟರು. ಅಂಥದ್ದೊಂದಿತ್ತು: ಮದುವೆಗೆ ಮುಂಚೆ ಮಾಗಡಿಯ ಕಂಪ್ಯೂಟರ್ ಸೆಂಟರಿನಲ್ಲಿ ಸುಮನಾ ಆಡುತ್ತಿದ್ದ ದೋಣಿಯಾಟ. ಏಳು ತಿರುವಿನ ಹೊಳೆಯನ್ನು ಬಂಡೆಗೆ ತಾಗದೆ ದಾಟಬೇಕು. ಅವಳು ಆಡಲು ಕೂತರೆ ಮಾಗಡಿ ಕೋಟೆಯ ಕಲ್ಲುಗಳೂ ಎದ್ದು ಬಂದು ಕಿಟಕಿಯಲ್ಲಿ ಇಣುಕುತ್ತಿದ್ದವು.

ಯೋಗಾನಂದ ಆ ಆಟದ ಹಳೇ ಸಿ.ಡಿ. ಹುಡುಕಿ ತಂದ. ಅಷ್ಟಕ್ಕೆ ನಿಲ್ಲುವ ಜಾಯಮಾನವೇ? ಮನೆಯ ಕಂಪ್ಯೂಟರಿಗೆ, ಪರದೆಯ ಚಿತ್ರ ಬರೆಯುವ ಈಗಿನ ಕಾಲದ ಗ್ರಾಫಿಕ್ಸ್ ಕಾರ್ಡನ್ನೂ ಹಾಕಿಸಿದ. ಇಟ್ಟಿಗೆಯಷ್ಟು ದಪ್ಪ, ಮೂರು ಫ್ಯಾನು. ರಾಮನಗರದ ಬೆಟ್ಟವನ್ನು ಹದ್ದಿನ ಪುಕ್ಕದ ಸಮೇತ ಕಣ್ಣು ಮಿಟುಕಿಸುವುದರೊಳಗೆ ಬರೆದು ತೋರಿಸುತ್ತದೆಂದು ಬೀದಿಗೆಲ್ಲ ಸಾರಿದ.

ಸುಮನಾ ಸೆಟೆದ ಬೆರಳನ್ನು ಗುಂಡಿಯ ಮೇಲಿಟ್ಟಳು. ಒತ್ತಿದಳೋ ಇಲ್ಲವೋ, ದೋಣಿ ಬಂಡೆಗೆ ಬಡಿದು ಚೂರಾಯಿತು. ಮತ್ತೆ ಆಡಿದಳು, ಮತ್ತೆ ಚೂರು. ಲೋಕದ ದೋಣಿಗಳೆಲ್ಲ ತೀರಿಹೋಗುವಷ್ಟು ಸಲ ಆಡಿ, ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ಇನ್ನು ಈ ಕೈಗೆ ಆಸೆ ತೋರುಸ್ಬ್ಯಾಡಿ. ಸತ್ತೋಗೈತೆ."

ಯೋಗಾನಂದ ಪರದೆಯತ್ತ ಬಾಗಿದ. ಕಾರ್ಡಿನದೇನೂ ತಪ್ಪಿಲ್ಲವೆಂದು ಪರದೆಯ ಮೂಲೆಯ ಅಂಕಿ ತೋರಿಸಿದ. ನಿಮ್ಮ ಸೆಂಟರಿನ ಕಂಪ್ಯೂಟರು ಸೆಕೆಂಡಿಗೆ ಮೂವತ್ತು ಚಿತ್ರ ಬರೆಯಲು ಏದುಸಿರು ಬಿಡುತ್ತಿತ್ತು, ಇದು ಒಂಬೈನೂರು ಬರೆಯುತ್ತಿದೆ ಎಂದು ಹೇಳುತ್ತಿದ್ದವನಿಗೆ ಅಲ್ಲೇ ಹೊಳೆಯಿತು.

ಆ ಹಳೇ ಆಟಕ್ಕೆ ಗಡಿಯಾರ ಗೊತ್ತಿಲ್ಲ. ಒಂದು ಚಿತ್ರ ಬರೆದರೆ ದೋಣಿಗೆ ಒಂದು ಹೆಜ್ಜೆ. ಮೂವತ್ತು ಹೆಜ್ಜೆಯ ಹೊತ್ತಿನಲ್ಲಿ ಒಂಬೈನೂರು ಇಟ್ಟರೆ ಯಾರ ಕೈ ತಾನೇ ಹಿಡಿದೀತು? ಲೇತು ಮಿತಿಮೀರಿ ತಿರುಗಿದರೆ ಅರಗು ಮರಕ್ಕೆ ಕೂರದೆ ಸುಟ್ಟುಹೋಗುತ್ತದೆ; ಕಲಿಯಲು ಬಂದವರಿಗೆ ಮೊದಲ ದಿನ ಅವನೇ ಹೇಳಿಕೊಡುವ ಪಾಠ ಅದು.

ಸೆಟ್ಟಿಂಗಿಗೆ ಹೋಗಿ, ಆನೆಯನ್ನು ಕರುವಿನ ಗೂಟಕ್ಕೆ ಕಟ್ಟಿದಂತೆ, ಅಂಕಿಯನ್ನು ಮೂವತ್ತಕ್ಕೆ ಕಟ್ಟಿಹಾಕಿದ. ಮೂರು ಫ್ಯಾನೂ ಸುಮ್ಮನಾದವು.

"ಕೈ ಸತ್ತಿಲ್ಲ ಕಣೆ. ನಾನೇ ಸ್ಪೀಡ್ ಜಾಸ್ತಿ ಮಡಗ್ಬುಟ್ಟಿದ್ದೆ," ಎಂದ. ಸೆರಗು ಸುತ್ತಿದ ಅವಳ ಕೈ ನೋಡಿ, "ಎರಡು ಸಲಾನೂವೆ," ಎಂದ.

ಮೋಟಾರಿನ ಮಾತು ಮೂರು ತಿಂಗಳಿಂದ ಆ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಸುಮನಾ ಅವನನ್ನೇ ನೋಡಿದಳು. ಆಮೇಲೆ ಸೆರಗಿನೊಳಗಿಂದ ಕೈ ಹೊರಗೆ ಬಂತು.

ದೋಣಿ ತೂಗುತ್ತಾ ಹೊರಟಿತು. ಒಂದು ತಿರುವು ದಾಟಿತು. ಎರಡನೆಯದೂ ದಾಟಿತು. ಮೂರನೆಯದರಲ್ಲಿ ಸೆಟೆದ ಬೆರಳು ಒಸಿ ತಡವಾಗಿ ಒತ್ತಿತು. ದೋಣಿ ಬಂಡೆಗೆ ತಗುಲಿ ಮೆಲ್ಲಗೆ ಮುಳುಗಿತು.

ಯೋಗಾನಂದ ಅವಳ ಮುಖ ನೋಡಿದ.

"ಇದ್ನ ಮುಳುಗ್ಸಿದ್ದು ನಾನೇಯ," ಎಂದಳು ಸುಮನಾ. "ಇನ್ನೊಂದ್ಸಲ ಹಾಕಿ."