ಹಿಡಿಯದ ಕೈ

ನನ್ನ ಮಗಳು ಈ ಸಣ್ಣ ಊರಿಗಿರುವ ಒಬ್ಬಳೇ ಫಿಸಿಯೋಥೆರಪಿಸ್ಟ್. ಸೊಂಟದ ಆಪರೇಷನ್ ಆದಮೇಲೆ ನಾನು ಅವಳ ರೋಗಿ. ಸಹಾಯಕರನ್ನು ಆರಿಸುವಾಗ ಅವಳ ಪ್ರಶ್ನೆಪತ್ರಿಕೆಯೂ ನಾನೇ. ಕೆಲಸ ಕೇಳಿ ಬಂದವರು ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಎರಡು ಕಂಬಿಗಳ ನಡುವೆ ನಡೆಸಿ, ಕಿಟಕಿ ಮುಟ್ಟಿಸಬೇಕು. ಅಷ್ಟೇ ಪರೀಕ್ಷೆ.

ಅಷ್ಟರಲ್ಲೇ ಎಲ್ಲರೂ ಫೇಲು. ಈ ಊರಿನವರಿಗೆ ಸಹಾಯ ಮಾಡುವುದು ಒಂದು ಕಾಯಿಲೆ. ಯಾರಾದರೂ ಏಳಲು ನೋಡಿದರೆ ಸಾಕು, ಅಕ್ಕಪಕ್ಕದವರ ಕೈಗಳೆಲ್ಲ ಅವರ ಕಂಕುಳಿಗೆ ಬರುತ್ತವೆ. ನರ್ಸಿಂಗ್ ಹೋಮಿನ ಆಯಾ ನನ್ನನ್ನು ಹೂವಿನಂತೆ ಎತ್ತಿ ನಿಲ್ಲಿಸಿದಳು. ಜಿಮ್ಮಿನ ಪೈಲ್ವಾನ ನಡೆಸುವ ಗೋಜಿಗೇ ಹೋಗದೆ ಹೊತ್ತುಕೊಂಡೇ ಕಿಟಕಿ ಮುಟ್ಟಿಸಿದ. ನಾನಂತೂ ಇಬ್ಬರಿಗೂ ನೂರಕ್ಕೆ ನೂರು ಕೊಟ್ಟೆ. ಈ ವಯಸ್ಸಿನಲ್ಲಿ ಅಂಥ ಭಾಗ್ಯ ಯಾರಿಗುಂಟು ಯಾರಿಗಿಲ್ಲ.

"ಅಮ್ಮಾ, ಅವರೇ ಎತ್ತಿದ್ರೆ ನಿನ್ನ ಕಾಲು ಯಾವಾಗ ಕೆಲಸ ಮಾಡೋದು?" ಎಂದಳು ಮಗಳು. "ಬೀಳೋ ಹಾಗಾದ್ರೆ ಹಿಡೀಬೇಕು. ಇಲ್ದಿದ್ರೆ ಮುಟ್ಟಬಾರ್ದು."

ಸರ್ಟಿಫಿಕೇಟ್ ಇದ್ದವರೊಬ್ಬರೂ ಬಂದಿದ್ದರು. ಊರನ್ನು ಒಂದು ಸುತ್ತು ನೋಡಿ, ಬಂದ ಬಸ್ಸಿಗೇ ವಾಪಸ್ಸು ಹೊರಟರು.

ತಿಂಗಳ ಕೊನೆಯೊಳಗೆ ಯಾರೂ ಸಿಗದಿದ್ದರೆ ಕ್ಲಿನಿಕ್ ಮುಚ್ಚಿ, ದೂರದ ಆಸ್ಪತ್ರೆಯ ಹಳೆಯ ಕೆಲಸಕ್ಕೇ ಹೋಗುತ್ತೇನೆ ಎಂದಿದ್ದಳು ಮಗಳು. ಅವಳ ತಪ್ಪೂ ಅಲ್ಲ. ಒಬ್ಬರ ಭುಜ ತಿರುಗಿಸುತ್ತಾ ಇನ್ನೊಬ್ಬರ ನಡಿಗೆ ಕಾಯಲು ಅವಳಿಗೇನು ಬೆನ್ನಲ್ಲಿ ಕಣ್ಣಿದೆಯೇ? ಆದರೆ ಅವಳು ಬಂದ ಮೇಲೆ ದಿನಾ ಜಗಳವಾಡಲು ಮನೆಯಲ್ಲಿ ಒಬ್ಬಳು ಸಿಕ್ಕಿದ್ದಳು. ಆ ಸುಖ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಕೊನೆಗೆ ಬಂದವಳು ಡ್ರೈವಿಂಗ್ ಸ್ಕೂಲಿನ ಟೀಚರಮ್ಮ. ಅರ್ಧ ಊರಿಗೆ ಕಾರು ಕಲಿಸಿದವಳು. ಮಾಲೀಕ ಸ್ಕೂಲು ಮುಚ್ಚಿದ್ದರಿಂದ ಕೆಲಸ ಹೋಗಿತ್ತು.

"ಏಳಿ ಅಮ್ಮ," ಎಂದು ಪಕ್ಕಕ್ಕೆ ನಿಂತಳು. ನಾನು ರೂಢಿಯಂತೆ ತೋಳು ಅಗಲಿಸಿ ಕಾದೆ. ಯಾರೂ ಹಿಡಿಯಲಿಲ್ಲ.

"ಕೈ ಇಲ್ವೇನಮ್ಮ ನಿಂಗೆ?"

"ಇದೆ. ಇಲ್ಲೇ ಇದೆ."

ತಿರುಗಿ ನೋಡಿದೆ. ಅವಳ ಅಂಗೈ ನನ್ನ ಬೆನ್ನ ಹಿಂದೆ, ಬಟ್ಟೆಗೂ ತಾಗದಂತೆ ನಿಂತಿತ್ತು.

ಒಳಗೊಳಗೇ ಬೈಯುತ್ತಾ ಎದ್ದೆ. ಸಿಟ್ಟಿನಲ್ಲೇ ಕಂಬಿ ಹಿಡಿದು ನಡೆದೆ. ಅರ್ಧ ದಾರಿಯಲ್ಲಿ ಎಡಗಾಲು ತೊಡರಿ ವಾಲಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳು "ಅಮ್ಮಾ" ಎನ್ನುತ್ತಾ ಎರಡೂ ಕೈ ಚಾಚಿ ಓಡಿಬಂದಳು. ಮುಟ್ಟಬೇಡಿ ಎಂದು ಊರಿಗೆಲ್ಲ ಪಾಠ ಹೇಳಿದವಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಟೀಚರಮ್ಮ ಒಂದು ಕೈಯನ್ನು ನನ್ನ ಬೆನ್ನ ಹಿಂದೆಯೇ ಉಳಿಸಿಕೊಂಡು, ಇನ್ನೊಂದರಿಂದ ಮಗಳನ್ನು ತಡೆದಳು. "ಇರಿ ಡಾಕ್ಟ್ರೇ. ಅವರೇ ಸರಿಮಾಡ್ಕೋತಾರೆ."

ಕಂಬಿಯನ್ನು ಬಿಗಿಹಿಡಿದೆ. ಪಾದ ನೆಲ ಕಂಡುಕೊಂಡಿತು. ನನ್ನ ಕಾಲ ಮೇಲೆ ನಾನೇ ನಿಂತಿದ್ದೆ. ಕೆಳಗೆ ನೋಡಿದರೆ ಟೀಚರಮ್ಮನ ಬಲಗಾಲು ನೆಲದಿಂದ ತುಸು ಮೇಲೆದ್ದು, ಅಲ್ಲಿಲ್ಲದ ಬ್ರೇಕಿಗಾಗಿ ಕಾಯುತ್ತಿತ್ತು.

"ಕಲಿಯೋರು ತಡವರಿಸಿದ ಕೂಡ್ಲೇ ನಮ್ಮ ಕಡೆ ಇರೋ ಬ್ರೇಕ್ ಒತ್ತಿದ್ರೆ ಅವರು ಕಲಿಯಲ್ಲ," ಎಂದಳು ಅವಳು ನಾಚಿಕೊಂಡು. "ಬೇಕಾದಾಗ ಒತ್ತದೇ ಇದ್ರೆ ಇಬ್ರೂ ಉಳಿಯಲ್ಲ."

ನಾನು ನಡೆದು ಹೋಗಿ ಕಿಟಕಿ ಮುಟ್ಟಿದೆ. ಗಾಜು ತಣ್ಣಗಿತ್ತು.

"ನಾಳೆಯಿಂದ ಬನ್ನಿ," ಎಂದಳು ಮಗಳು. "ಉಳಿದಿದ್ದೆಲ್ಲ ನಾನು ಕಲಿಸ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಮಾರ್ಕು ಎಷ್ಟಮ್ಮ?" ಎಂದಳು.

"ಸೊನ್ನೆ. ಒಂದು ಬೆರಳೂ ತಾಗಿಸ್ಲಿಲ್ಲ ಮಹಾರಾಯ್ತಿ."

"ಹಾಗಾದ್ರೆ ಪಾಸು."

"ನೀನು ಫೇಲು. ಓಡಿಬಂದೆಯಲ್ಲ."

ಅವಳು ಕಣ್ಣೊರೆಸಿಕೊಂಡು ನಕ್ಕಳು. ಓಡಿಬಂದ ಆ ಎರಡು ಕೈಗಳಿಗೆ ನಾನು ಮನಸ್ಸಿನಲ್ಲೇ ನೂರಕ್ಕೆ ನೂರು ಕೊಟ್ಟೆ. ಇನ್ನು ಅವು ಇದೇ ಊರಲ್ಲಿರುತ್ತವೆ.