ಇನ್ನೊಂದು ಕೋಟ್ ಬಣ್ಣ

ಅಣೆಕಟ್ಟಿನ ನೀರು ನಿಂತ ಮೇಲೆ ಬಸವಕಲ್ಯಾಣದ ಕಡೆಯ ಆ ಹಳ್ಳಿ ಒಂದು ದಂಡೆಗಾಯಿತು, ಮುಳುಗದೆ ಉಳಿದ ಹೊಲಗಳು ಇನ್ನೊಂದು ದಂಡೆಗಾದವು. ಸುತ್ತುಹಾಕಿ ಹೋದರೆ ಅರ್ಧ ದಿನದ ದಾರಿ. ಲಾರಿ ಡ್ರೈವರ್ ತುಳಜಾರಾಮ ಹೈದರಾಬಾದಿನ ಗುಜರಿಯಿಂದ ಹಳೆಯ ಫೈಬರ್ ದೋಣಿಯೊಂದನ್ನು ತಂದಿದ್ದು ಅದಕ್ಕೇ. ಹಾಯಿ ಕಟ್ಟಿ ಊರವರನ್ನೆಲ್ಲ ದಾಟಿಸುತ್ತಿದ್ದ. ೧೯೮೩ರ ಶ್ರಾವಣದಲ್ಲಿ ಗಾಳಿ ತಿರುಗಿ ದೋಣಿ ಮಗುಚಿತು. ಜೊತೆಗಿದ್ದ ತಮ್ಮ ಹಣಮಂತ ಬೋರಲಾದ ದೋಣಿಯ ತಳ ತಬ್ಬಿಕೊಂಡು ಉಳಿದ. ತುಳಜಾರಾಮ ಉಳಿಯಲಿಲ್ಲ.

ಬಂಡೆಗೆ ಬಡಿದು ಸೀಳಿದ ದೋಣಿ ಸಂಕ್ರಾಂತಿಯವರೆಗೂ ಕೆಸರಿನಲ್ಲಿ ಬಿದ್ದಿತ್ತು. ಅದನ್ನು ರಿಪೇರಿ ಮಾಡಿಸಬೇಕೆಂದವಳು ತುಳಜಾರಾಮನ ಹೆಂಡತಿ ಸುಮನಬಾಯಿ. ಅತ್ತೆ ಗಯಾಬಾಯಿ ಅಂಗಳದಲ್ಲೇ ಕೂಗಾಡಿದಳು.

"ಒಬ್ಬನ್ನ ನುಂಗ್ಯಾದ. ಸಾಕಾಗಿಲ್ಲೇನು ನಿನಗ?"

"ಹೊಲ ಆ ಕಡಿಗಿ ಅದ ಅತ್ತಿ. ದಿನಾ ಯಾರು ಸುತ್ತಬೇಕ್ರಿ?" ಎಂದಳು ಸುಮನಬಾಯಿ.

ಹಣಮಂತ ಹುಮನಾಬಾದಿನ ಹೆದ್ದಾರಿ ಬದಿಯಲ್ಲಿ ಗಯಾಸುದ್ದೀನರ ಶೆಡ್ಡಿನಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದ. ದೋಣಿಯನ್ನು ಟ್ರ್ಯಾಕ್ಟರಿನಲ್ಲಿ ಅಲ್ಲಿಗೆ ಒಯ್ದ. ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಸೀಳಿನ ಕೊಳೆತ ಅಂಚು ಕೊರೆದು ತೆಗೆದ. ಹೈದರಾಬಾದಿನಿಂದ ತರಿಸಿದ ಗಾಜಿನ ನಾರಿನ ಬಟ್ಟೆಯನ್ನು ರಾಳದಲ್ಲಿ ತೋಯಿಸಿ ಒಂದರ ಮೇಲೊಂದು ಪದರ ಕೂಡಿಸಿದ. ನಾರಿನ ಪುಡಿ ಮೈಗೆ ಹತ್ತಿ ಕುತ್ತಿಗೆ, ತೋಳಿಗೆ ಕೆಂಪು ದದ್ದುಗಳೆದ್ದವು. ಕೆಲಸವನ್ನು ಮಾತ್ರ ಬಿಡಲಿಲ್ಲ.

ಹೋಳಿ ಹೋಯಿತು, ಯುಗಾದಿ ಹೋಯಿತು. ದೋಣಿ ಬರಲಿಲ್ಲ. ಒಂದು ದಿನ ಸುಮನಬಾಯಿ ತಾನೇ ಬಸ್ಸು ಹತ್ತಿ ಹುಮನಾಬಾದಿಗೆ ಹೋದಳು. ಗಯಾಸುದ್ದೀನರು ಶೆಡ್ಡಿನ ಬಾಗಿಲಲ್ಲೇ ಅವಳನ್ನು ತಡೆದು ದನಿ ತಗ್ಗಿಸಿದರು.

"ಸೀಳು ಕೂಡಿ ಯಾವ್ದೋ ಕಾಲ ಆಯ್ತು ಬಾಯಿ. ಈಗ ಬರೇ ಬಣ್ಣ ಹೊಡೀತಾನ, ಮರುದಿನ ತಿಕ್ಕಿ ತೆಗೀತಾನ. ನಾ ಏನಂದ್ರೂ ಕಿವ್ಯಾಗ ಹಾಕ್ಕೊಳ್ಳಂಗಿಲ್ಲ."

ಒಳಗೆ ದೋಣಿ ಬೋರಲಾಗಿತ್ತು. ನೀಲಿ ಬಣ್ಣ ಥಳಥಳಿಸುತ್ತಿತ್ತು. ಹಣಮಂತ ಅದರ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಉಜ್ಜುವ ಕಾಗದ ಹಿಡಿದಿದ್ದ.

"ಯಾವಾಗ ಕೊಡ್ತಿ ಹಣಮಂತ?"

"ಇನ್ನೊಂದು ಕೋಟ್ ಆಗ್ಲಿ ವೈನಿ. ಬಣ್ಣ ಸರಿ ಕುಂತಿಲ್ಲ."

ಅವಳು ದೋಣಿಯ ಮೇಲೆ ಅಂಗೈ ಆಡಿಸಿದಳು. "ಕೈ ಜಾರತದ, ಇಷ್ಟು ನುಣುಪಾಗ್ಯಾದ. ಎಲ್ಲಿ ಸರಿ ಕುಂತಿಲ್ಲ, ತೋರ್ಸು."

ಹಣಮಂತ ತೋರಿಸಲಿಲ್ಲ. ದೋಣಿಯ ತಳದ ಮೇಲೆ ಅಂಗೈ ಇಟ್ಟ.

"ಇಲ್ಲೇ ಹಿಡ್ಕೊಂಡಿದ್ದೆ ವೈನಿ," ಎಂದ ಕೊನೆಗೆ. "ಎದಿ ಇಲ್ಲಿತ್ತು. ಅಣ್ಣ ಈ ಮಗ್ಗಲ್ಕ ಇದ್ದ. ಒಂದು ತೆರಿ ಬಂತು, ಕಣ್ಣು ಮುಚ್ಚಿದೆ. ತೆಗೀತೀನಿ, ಅಂವ ಇಲ್ಲ. ಬಣ್ಣ ಮುಗೀತಂದ್ರ ಇದು ನೀರಿಗಿ ಹೋಗ್ತದ."

ಇಬ್ಬರಲ್ಲಿ ಒಬ್ಬರೇ ಉಳಿಯುವುದಾಗಿದ್ದರೆ ಇವನೇ ಯಾಕೆ ಉಳಿಯಬೇಕಿತ್ತು ಎಂದು ಸುಮನಬಾಯಿ ಎಷ್ಟೋ ಸಲ ಅಂದುಕೊಂಡಿದ್ದಳು. ಈಗ ದದ್ದೆದ್ದ ಅವನ ತೋಳು ನೋಡುತ್ತಿದ್ದಂತೆ ಆ ಮಾತಿಗೆ ತಾನೇ ಹೇಸಿದಳು. ಅವನ ಕೈಯಿಂದ ಕಾಗದ ತೆಗೆದುಕೊಂಡಳು.

"ಸಾಕು. ನಾಳೆ ಒಯ್ಯೂನು."

ಮರುದಿನ ದೋಣಿ ದಂಡೆಗೆ ಬಂತು. ಹಾಯಿ ಬೇಡವೆಂದಳು ಸುಮನಬಾಯಿ. ಮೀನು ಹಿಡಿಯುವ ಖಾಜಾ ಹುಟ್ಟು ಹಾಕಲು ಒಪ್ಪಿದ್ದ. ಊರವರು ದೂರ ನಿಂತು ನೋಡಿದರು. ಗಯಾಬಾಯಿ ಮನೆಯಿಂದ ಹೊರಗೇ ಬರಲಿಲ್ಲ. ಹಣಮಂತ ಮೊಣಕಾಲುದ್ದ ನೀರಿನವರೆಗೆ ದೋಣಿ ತಳ್ಳಿದ. ಖಾಜಾ ಕೈ ಚಾಚಿದ. ಹಣಮಂತ ಒಂದು ಕಾಲು ಎತ್ತಿದವನು ಮತ್ತೆ ನೀರಲ್ಲೇ ಊರಿದ.

"ನೀವು ನಡೀರಿ ವೈನಿ. ನಾ ಸುತ್ತಿನ ದಾರೀಲೆ ಬರ್ತೀನಿ."

ದೋಣಿ ಹೊರಟಿತು. ಸುಮನಬಾಯಿ ಕುಡುಗೋಲು, ಬುತ್ತಿ ಮಡಿಲಲ್ಲಿಟ್ಟುಕೊಂಡು ಬೆಸೆದ ಜಾಗವನ್ನೇ ನೋಡುತ್ತಿದ್ದಳು. ನಡುನೀರಿನಲ್ಲಿ, ಅಂದು ದೋಣಿ ಬಡಿದಿದ್ದ ಬಂಡೆಯ ಹತ್ತಿರ ಬಂದಾಗ ಖಾಜಾ ತಾನಾಗಿಯೇ ಹುಟ್ಟು ನಿಲ್ಲಿಸಿದ. ಅವಳು ನೀರಿಗೆ ಕೈ ಇಳಿಬಿಟ್ಟಳು. ತಣ್ಣಗಿತ್ತು. ಅತ್ತರೆ ಇಲ್ಲಿಯೇ ಅಳಬೇಕು ಅನ್ನಿಸಿತು, ಅಳು ಬರಲಿಲ್ಲ.

"ನಡಿ ಖಾಜಾ," ಎಂದಳು.

ಹೊಲದಲ್ಲಿ ಹೋದ ವರ್ಷದ ಜೋಳದ ಕೂಳೆ ಹಾಗೇ ಇತ್ತು. ಅವಳು ಕಿತ್ತು ಗುಡ್ಡೆ ಹಾಕುತ್ತಾ ಹೋದಳು. ಹೊತ್ತು ಬಹಳ ಇಳಿದ ಮೇಲೆ ಹಣಮಂತ ಧೂಳು ತುಂಬಿದ ಕಾಲುಗಳಲ್ಲಿ ಬಂದು ಬದುವಿನ ಮೇಲೆ ಕುಸಿದ. ಅವಳು ರೊಟ್ಟಿಯ ಗಂಟು ಬಿಚ್ಚಿ ಮುಂದಿಟ್ಟಳು.

"ನೀರು ಒಳಗ ಬಂತೇನ್ರಿ ವೈನಿ?"

"ಒಂದು ಹನಿ ಬಂದಿಲ್ಲ."

ಅವನು ರೊಟ್ಟಿ ಮುರಿದ, ಬಾಯಿಗಿಡುವಷ್ಟರಲ್ಲಿ ಮುಖ ಮುಚ್ಚಿಕೊಂಡ. ಅವಳು ಎದ್ದು ಹೋಗಲಿಲ್ಲ, ಅಲ್ಲೇ ಕುಳಿತಳು.

ಮಳೆಗಾಲದ ಹೊತ್ತಿಗೆ ಊರವರು ಒಬ್ಬೊಬ್ಬರಾಗಿ ಆ ದೋಣಿ ಹತ್ತತೊಡಗಿದರು. ಹಣಮಂತ ಪ್ರತಿ ಬೇಸಿಗೆ ಅದರ ಗೀರು ಮುಚ್ಚಿ, ಒಂದೇ ಕೋಟ್ ಬಣ್ಣ ಹೊಡೆದು ಕೊಡುತ್ತಿದ್ದ. ತಾನು ಮಾತ್ರ ಹತ್ತಲಿಲ್ಲ. ಬಿತ್ತನೆಗೂ ರಾಶಿಗೂ ನಡೆದೇ ಬರುತ್ತಿದ್ದ, ಸುಮನಬಾಯಿ ಅವನ ಪಾಲಿನ ರೊಟ್ಟಿ ತೆಗೆದಿಟ್ಟು ದಾರಿ ನೋಡುತ್ತಿದ್ದಳು.