ಜಡೆ ಹೆಣೆದ ಕೇಬಲ್ಲುಗಳು

ಅತ್ತಿಗೆ ದರ್ಜಿ. ನಾದಿನಿ ಮನೆಮನೆಗೆ ಹೋಗಿ ಕರೆಂಟಿನ ರಿಪೇರಿ ಮಾಡುವವಳು. ಮನೆಯವರ ಬಾಯಲ್ಲಿ ಅವಳು ಮಿಣುಕಿ. ಇಬ್ಬರೂ ಸೇರಿ ಬಿಡಿಭಾಗ ತಂದು ಜೋಡಿಸಿದ್ದ ಕಂಪ್ಯೂಟರು ಒಂದು ಮಧ್ಯಾಹ್ನ ಠಪ್ಪೆಂದು ಆರಿಹೋಯಿತು. ನಾಟಕ ಮಂಡಳಿಯ ಇಪ್ಪತ್ತೆರಡು ಉಡುಪುಗಳ ನಕ್ಷೆಯೆಲ್ಲ ಅದರೊಳಗೇ. ಬೇರೆಲ್ಲೂ ನಕಲಿಲ್ಲ. ಮಂಡಳಿಯವರು ಅವನ್ನು ನೋಡಲು ಐದು ಗಂಟೆಗೆ ಬರುವವರು.

ಭಯವಾದರೆ ನಗು ಬರುವುದು ಅವರಿಬ್ಬರಿಗೂ ದೇವರು ಕೊಟ್ಟ ಕಾಯಿಲೆ. ಕಿಸಿಕಿಸಿ ಕೇಳಿ, ಮಲಗಿದ್ದ ಅತ್ತೆ ಎದ್ದು ಬಂದರು.

"ಏನ್ರೇ ಅದು?"

"ಕಂಪ್ಯೂಟರ್ ಸತ್ತೋಯ್ತು ಅತ್ತೆ!"

"ಸತ್ತೋರ ಮನೇಲಿ ಹಿಂಗಾ ನಗೋದು?"

ಅದಕ್ಕೆ ಇನ್ನೂ ನಕ್ಕರು.

ಮಿಣುಕಿ ಮೊದಲು ಗೋಡೆಯ ಅದೇ ಸಾಕೆಟ್ಟಿಗೆ ಮೇಜಿನ ದೀಪ ಸಿಕ್ಕಿಸಿದಳು. ಉರಿಯಿತು. ಆಮೇಲೆ ಕಂಪ್ಯೂಟರಿಗೆ ಕರೆಂಟು ಹಂಚುವ ಪವರ್ ಸಪ್ಲೈ ಪೆಟ್ಟಿಗೆಯ ದೊಡ್ಡ ಕೇಬಲ್ಲನ್ನು ಒಳಗಿನ ಬೋರ್ಡಿನಿಂದ ಕಿತ್ತು, ಹಸಿರು ತಂತಿಯ ಕಿಂಡಿಗೂ ಕಪ್ಪು ತಂತಿಯ ಕಿಂಡಿಗೂ ಪೇಪರ್ ಕ್ಲಿಪ್ ಒಂದನ್ನು ಬಗ್ಗಿಸಿ ಇಟ್ಟು ಸ್ವಿಚ್ ಹಾಕಿದಳು. ಜೀವವಿದ್ದರೆ ಅದರ ಫ್ಯಾನು ತಿರುಗಬೇಕು. ಅದು ಮಿಸುಕಲಿಲ್ಲ.

"ಈ ಪೆಟ್ಟಿಗೆ ಒಂದೇ ಹೋಗಿರೋದು ಅತ್ತಿಗೆ. ಡಿಸ್ಕ್ ಉಳ್ಕೊಂಡಿರಬೇಕು. ನನ್ನ ಕಂಪ್ಯೂಟರಿಂದು ಬಿಚ್ಕೊಂಡು ಬರ್ತೀನಿ, ಏನೂ ಮುಟ್ಟಬೇಡಿ."

ಮುಟ್ಟಬೇಡಿ ಎಂದರೆ ಮುಟ್ಟದ ಕೈ ದರ್ಜಿಯದಲ್ಲ. ಮಿಣುಕಿ ಆ ಪೆಟ್ಟಿಗೆಯನ್ನು ತಂದಿಟ್ಟು, ಅದರ ಕೇಬಲ್ಲುಗಳಿಗೆಂದು ಮತ್ತೆ ಕೋಣೆಗೆ ಹೋದದ್ದೇ ತಡ, ಅತ್ತಿಗೆ ಕೆಲಸಕ್ಕಿಳಿದಳು. ಹಳೆಯ ಕೇಬಲ್ಲುಗಳು ಇದ್ದಲ್ಲೇ ಇದ್ದವಲ್ಲ! ನೂಲು ಸಿಕ್ಕಾದರೆ ಅವಳಿಗೆ ಅನ್ನ ಸೇರದು; ಹಾಗಾಗಿ ಕಂಪ್ಯೂಟರು ಜೋಡಿಸುವಾಗಲೇ ಅವನ್ನು ಮೂರೆಳೆ ಜಡೆ ಹೆಣೆದು, ಕೆಂಪು ದಾರದಲ್ಲಿ ಚೌಕಟ್ಟಿಗೆ ಹೊಲಿದುಬಿಟ್ಟಿದ್ದಳು. ಅವುಗಳ ತುದಿಗಳನ್ನು ಸತ್ತ ಪೆಟ್ಟಿಗೆಯಿಂದ ಕಿತ್ತು ಹೊಸ ಪೆಟ್ಟಿಗೆಗೆ ಸಿಕ್ಕಿಸಿದಳು. ಅಳತೆ ಕೊಟ್ಟು ಹೊಲಿಸಿದಂತೆ ಕೂತವು.

"ಎಲ್ಲಾ ರೆಡಿ ಕಣೇ ಮಿಣುಕಿ! ಸ್ವಿಚ್ ಹಾಕ್ಲಾ?"

ಮಿಣುಕಿ ಸ್ಟೂಲು ಹಾರಿ, ಅತ್ತೆಯನ್ನು ಬಳಸಿ ಬಂದು ಪ್ಲಗ್ಗನ್ನೇ ಗೋಡೆಯಿಂದ ಕಿತ್ತಳು.

"ಅಯ್ಯೋ ಅತ್ತಿಗೆ! ಬಾಯಿ ಒಂದೇ ಥರ ಇದ್ರೂ ಒಳಗಿನ ತಂತಿ ಸಾಲು ಬೇರೆ. ಆ ಕಂಪನಿ ಕೇಬಲ್ ಈ ಕಂಪನಿಗೆ ಆಗಲ್ಲ. ಡಿಸ್ಕಿಗೆ ಐದು ವೋಲ್ಟ್ ಹೋಗೋ ದಾರೀಲಿ ಹನ್ನೆರಡು ನುಗ್ಗಿದ್ರೆ, ನಿಮ್ಮ ರಾಜ, ರಾಣಿ, ವಿದೂಷಕ ಎಲ್ಲಾ ಬೂದಿ!"

ಅತ್ತಿಗೆಯ ಕೈ ಗಾಳಿಯಲ್ಲೇ ನಿಂತಿತು. ಮೊದಲ ಸಲ ನಗು ಬರಲಿಲ್ಲ.

"ಹಂಗಾದ್ರೆ ಈ ಜಡೆ?"

"ಕತ್ತರಿಸಬೇಕು. ದಾರ ಮಾತ್ರ."

"ಎರಡು ದಿನ ಹೊಲಿದಿದ್ದು ಕಣೇ."

"ಗಂಟೆ ನಾಲ್ಕೂಕಾಲು."

ಅತ್ತಿಗೆ ಕತ್ತರಿ ಎತ್ತಿ, ಕಣ್ಣು ಮುಚ್ಚಿ, "ಸ್ವಾಮೀ, ನೀನೇ ನೋಡ್ಕೋ" ಎಂದಳು.

"ಕಣ್ಣು ಬಿಟ್ಕೊಂಡು ಕತ್ತರಿಸೇ, ಅವನು ನೋಡ್ತಾನೆ ಅಂತ ನೀನು ಮುಚ್ಚಬೇಡ," ಎಂದರು ಅತ್ತೆ.

ಹಳೆಯವೆಲ್ಲ ಕಳಚಿ ಬಂದವು. ಹೊಸ ಕೇಬಲ್ಲುಗಳು ಜಗಳವಾಡಿದ ಕೋಳಿಯ ಪುಕ್ಕದಂತೆ ಅಡ್ಡಾದಿಡ್ಡಿ ಕೂತವು. ಹಚ್ಚುವುದು ನಮ್ಮ ಕೈ, ಹತ್ತಿಸುವುದು ಅವನ ಕೈ ಎನ್ನುತ್ತಾರೆ ಹಿರಿಯರು. ಮಿಣುಕಿ ಸ್ವಿಚ್ ಹಾಕಿದಳು. ಫ್ಯಾನು ಗುಂಯ್ ಎಂದಿತು. ಪರದೆಯ ಮೇಲೆ ರಾಜನ ನಿಲುವಂಗಿ ತೋಳು ಚಾಚಿ ನಿಂತಿತು.

ಮೂವರೂ ಕೈಕೈ ಹಿಡಿದು ಕುಣಿದರು. ಅತ್ತೆಯ ಮಂಡಿನೋವು ಎಲ್ಲಿ ಹೋಯಿತೋ ಆ ಪರಮಾತ್ಮನೇ ಬಲ್ಲ.

ಐದಕ್ಕೆ ಹತ್ತು ನಿಮಿಷ ಇರುವಾಗಲೇ ಬಂದ ಮಂಡಳಿಯ ಯಜಮಾನರು ಹೊಸ್ತಿಲಲ್ಲೇ ಬೆಪ್ಪಾದರು. "ಇದು... ದರ್ಜಿಯಮ್ಮನ ಮನೆ ತಾನೇ?"

ಅತ್ತಿಗೆಗೆ ಮಾತಾಡಲು ಉಸಿರಿರಲಿಲ್ಲ. ಕುಣಿಯುತ್ತಲೇ ಟೇಪು ತೆಗೆದು, ಅವರ ಭುಜದ ಅಳತೆ ಹಿಡಿದುಬಿಟ್ಟಳು.